ತೆರಿಗೆ ಇಳಿಸಿದರೆ ಯೂನಿಯನ್‌ಗಳಿಗೆ ಯಾಕೆ ಸಿಟ್ಟು?

ಪ್ರಶ್ನೆ: ನಾನು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹೋಗಿರುತ್ತದೆ. ಸರ್ಕಾರ ತೆರಿಗೆ ಇಳಿಸುತ್ತೇವೆ ಅಂದಾಗಲೆಲ್ಲ ಕಾರ್ಮಿಕ ಸಂಘಟನೆಗಳು ಬೀದಿಗೆ ಇಳಿಯುತ್ತವೆ. 'ಸಾರ್ವಜನಿಕ ಸೇವೆ ಉಳಿಸಿ' ಅನ್ನುತ್ತವೆ. ನಾನೂ ದುಡಿದು ತಿನ್ನುವವನೇ ಅಲ್ವಾ? ನನ್ನ ಕೈಗೆ ನಾಲ್ಕು ಕಾಸು ಜಾಸ್ತಿ ಬಂದರೆ ಅವರಿಗೇನು ಕಷ್ಟ? ಸರ್ಕಾರಿ ನೌಕರರ ಸಂಬಳ ಉಳಿಸಿಕೊಳ್ಳಲು ಆಡುವ ಮಾತು ಇದು ಅನ್ನಿಸುತ್ತದೆ. ನಿಜವಾಗಿ ಅವರ ವಾದ ಏನು?

ಉತ್ತರ: ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಶಿಕ್ಷಕರ ಯೂನಿಯನ್‌ಗೆ ಶಿಕ್ಷಕರ ಸಂಬಳದ ಚಿಂತೆ ಇರುತ್ತದೆ. ನರ್ಸ್‌ಗಳ ಯೂನಿಯನ್‌ಗೆ ನರ್ಸ್‌ಗಳ ಸಂಬಳದ ಚಿಂತೆ. ಅದಕ್ಕೆಂದೇ ಅವು ಹುಟ್ಟಿದ್ದು. ಆ ಸಂಬಳ ಬರುವುದು ತೆರಿಗೆ ದುಡ್ಡಿನಿಂದ. ಖಜಾನೆ ಬರಿದಾದರೆ ಮೊದಲು ಕತ್ತರಿ ಬೀಳುವುದು ತಮ್ಮ ಮೇಲೇ ಎಂದು ಅವರಿಗೆ ಚೆನ್ನಾಗಿ ಗೊತ್ತು. ಇದನ್ನು ಒಪ್ಪಿಕೊಳ್ಳದೆ, ನಾವು ಬರೀ ಜನರಿಗಾಗಿ ಹೋರಾಡುತ್ತೇವೆ ಎನ್ನುವ ನಾಯಕರನ್ನು ಕಂಡರೆ ನನಗೂ ಬೇಸರವೇ.

ಆದರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಯೂನಿಯನ್‌ಗಳಿಗೆ ಬಜೆಟ್ ಲೆಕ್ಕ ಬಿಡಿಸಿಕೊಡುವ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ. ಯೂನಿಯನ್‌ಗಳ ತಕರಾರು ತೆರಿಗೆ ಕಡಿತದ ಮೇಲಲ್ಲ. ಯಾರ ತೆರಿಗೆ ಇಳಿಯಿತು, ಅದರ ಬದಲಿಗೆ ಯಾರ ಯಾವ ಸೇವೆ ಹೋಯಿತು ಎಂಬುದರ ಮೇಲೆ. ಇದು ಸುಮ್ನೆ ಮಾತಿನ ಚಮತ್ಕಾರ ಅನ್ನಿಸಬಹುದು. ಅದಕ್ಕೇ ಮೊದಲು ಐರ್ಲೆಂಡಿನ ಕಥೆ ಹೇಳುತ್ತೇನೆ. ಅಲ್ಲಿ ತೆರಿಗೆ ಇಳಿಸಿ ಎಂದು ಬೀದಿಗೆ ಇಳಿದದ್ದು ಯೂನಿಯನ್‌ಗಳೇ.

1979ರಲ್ಲಿ ಐರ್ಲೆಂಡಿನ ಸರ್ಕಾರ ಬಜೆಟ್‌ನಲ್ಲಿ ರೈತರ ಉತ್ಪನ್ನದ ಮೇಲೆ ಶೇ 2ರಷ್ಟು ಲೆವಿ, ಅಂದರೆ ಹೆಚ್ಚುವರಿ ತೆರಿಗೆ, ಹಾಕಲು ಹೊರಟಿತು. ದೊಡ್ಡ ರೈತರು ಗಲಾಟೆ ಮಾಡಿದರು. ಸರ್ಕಾರ ಹಿಂದೆ ಸರಿಯಿತು. ಇದನ್ನು ನೋಡಿ ಸಂಬಳದಾರರ ಹೊಟ್ಟೆ ಉರಿಯಿತು. ಅವರ ತೆರಿಗೆ ನಿಮ್ಮ ಹಾಗೆಯೇ ಸಂಬಳ ಕೈಗೆ ಬರುವ ಮೊದಲೇ ಮುರಿದು ಹೋಗುತ್ತಿತ್ತು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ದೇಶದ ಆದಾಯ ತೆರಿಗೆಯ ಬಹುಪಾಲು ಅವರೇ ಕೊಡುತ್ತಿದ್ದರು. ಸ್ವಂತ ವ್ಯವಹಾರದವರು, ದೊಡ್ಡ ಜಮೀನಿನವರು ಕೊಡುತ್ತಿದ್ದದ್ದು ಅತಿ ಕಡಿಮೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಆ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ಯೂನಿಯನ್‌ಗಳು ಕರೆಕೊಟ್ಟ ಮೆರವಣಿಗೆಗೆ ಸುಮಾರು 1,50,000 ಜನ ಬಂದರು. 1980ರ ಜನವರಿ 22ರಂದು ಡಬ್ಲಿನ್ ಒಂದರಲ್ಲೇ ಸುಮಾರು 3 ಲಕ್ಷ ಜನ, ದೇಶದಾದ್ಯಂತ ಸುಮಾರು 7 ಲಕ್ಷ ಜನ ಬೀದಿಗೆ ಬಂದರು. ಆಗ ಆ ದೇಶದ ಜನಸಂಖ್ಯೆ 35 ಲಕ್ಷವೂ ಇರಲಿಲ್ಲ. ಅಂದರೆ ಐದರಲ್ಲಿ ಒಬ್ಬರು.

ಅವರು ಕೇಳಿದ್ದು ಇಷ್ಟೇ: ನಮ್ಮ ಹೊರೆ ಇಳಿಸಿ, ಕೊಡಬೇಕಾದವರಿಂದ ತೆಗೆದುಕೊಳ್ಳಿ. ನಿಮ್ಮ ಸಿಟ್ಟೂ ಇದೇ ಅಲ್ವಾ?

1987ರಲ್ಲಿ ಅಲ್ಲಿನ ಯೂನಿಯನ್‌ಗಳು, ಮಾಲೀಕರು ಮತ್ತು ಸರ್ಕಾರ ಒಂದು ರಾಷ್ಟ್ರೀಯ ಒಪ್ಪಂದಕ್ಕೆ ಬಂದರು. ಮೂರು ವರ್ಷ ಸಂಬಳ ವರ್ಷಕ್ಕೆ ಸುಮಾರು ಶೇ 2.5ಕ್ಕಿಂತ ಜಾಸ್ತಿ ಏರುವುದಿಲ್ಲ, ಅದರ ಬದಲು ಸರ್ಕಾರ ಆದಾಯ ತೆರಿಗೆ ಇಳಿಸುತ್ತದೆ ಎಂಬುದು ಅದರ ತಿರುಳು. ಯೂನಿಯನ್‌ಗಳು ತೆರಿಗೆ ಕಡಿತವನ್ನು ತಾವೇ ಮಾತುಕತೆಯ ಮೇಜಿಗೆ ತಂದು, ಚೌಕಾಸಿ ಮಾಡಿ ಪಡೆದುಕೊಂಡವು. ಈ ಕಥೆಯ ಉಳಿದ ಅರ್ಧ ಇನ್ನೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ವಾದದ ಒಳಗೆ ಹೋಗೋಣ. ಸಂಬಳ ಅಂದರೆ ಏನು ಎಂಬಲ್ಲಿಂದ ಯೂನಿಯನ್‌ನವರು ಶುರು ಮಾಡುತ್ತಾರೆ. ತಿಂಗಳ ಕೊನೆಗೆ ಖಾತೆಗೆ ಬೀಳುವ ಮೊತ್ತ ಒಂದು ಭಾಗ. ಮಗು ಶುಲ್ಕವಿಲ್ಲದೆ ಶಾಲೆಗೆ ಹೋಗುವುದು, ಅಪ್ಪನ ಆಪರೇಷನ್‌ಗೆ ಸಾಲ ಮಾಡಬೇಕಿಲ್ಲದಿರುವುದು, ನಲ್ಲಿ ತಿರುಗಿಸಿದರೆ ಕುಡಿಯುವ ನೀರು ಬರುವುದು ಇನ್ನೊಂದು ಭಾಗ. ಇದನ್ನು ಸಾಮಾಜಿಕ ಸಂಬಳ ಅನ್ನುತ್ತಾರೆ. ನನಗೆ 'ಚೀಟಿಯಲ್ಲಿ ಕಾಣದ ಸಂಬಳ' ಅನ್ನುವುದು ಇಷ್ಟ. ಇದರಲ್ಲಿ ಒಂದು ವಿಶೇಷ ಇದೆ. ಕೈಗೆ ಬರುವ ಸಂಬಳದಲ್ಲಿ ಮ್ಯಾನೇಜರ್‌ಗೂ ಕಸ ಗುಡಿಸುವವರಿಗೂ ಆಕಾಶ ಭೂಮಿಯಷ್ಟು ಅಂತರ. ಆಸ್ಪತ್ರೆಯ ಹಾಸಿಗೆ ಮಾತ್ರ ಇಬ್ಬರಿಗೂ ಒಂದೇ. ಹಾಗಾಗಿ ಕಡಿಮೆ ಸಂಬಳದವರಿಗೆ ಈ ಎರಡನೇ ಭಾಗವೇ ದೊಡ್ಡದು.

ತೆರಿಗೆ ಕಡಿತದಲ್ಲಿ ಇದು ತಿರುಗುಮುರುಗು ಆಗುತ್ತದೆ. ಆದಾಯ ತೆರಿಗೆಯ ದರವನ್ನು ಎಲ್ಲರಿಗೂ ಶೇ 1ರಷ್ಟು ಇಳಿಸಿದರು ಅನ್ನಿ. ವರ್ಷಕ್ಕೆ ತೆರಿಗೆ ಬೀಳುವ ಆದಾಯ 3 ಲಕ್ಷ ಇರುವವರಿಗೆ ಉಳಿಯುವುದು 3 ಸಾವಿರ. 1 ಕೋಟಿ ಇರುವವರಿಗೆ 1 ಲಕ್ಷ. ತೆರಿಗೆಯ ಮಿತಿಗಿಂತ ಕೆಳಗೆ ಇರುವವರಿಗೆ ಸೊನ್ನೆ. ಆದರೆ ಖಜಾನೆಯಲ್ಲಿ ಕಡಿಮೆಯಾದ ಅಷ್ಟೂ ದುಡ್ಡಿಗೆ ಆಸ್ಪತ್ರೆ, ಶಾಲೆ, ಬಸ್ಸು ಕಡಿಮೆಯಾದರೆ ಆ ಸೊನ್ನೆಯವರಿಗೇ ಹೆಚ್ಚು ಪೆಟ್ಟು. ಈ ಲೆಕ್ಕದಲ್ಲಿ ನೀವು ಎಲ್ಲಿ ನಿಲ್ಲುತ್ತೀರಿ ಎಂದು ನೀವೇ ನೋಡಿಕೊಳ್ಳಬಹುದು. ನಿಮಗೆ ಲಾಭವೇ ಆಗುತ್ತಿರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕಂಪನಿಗಳ ತೆರಿಗೆ ಇಳಿಸಿದರೆ ಆ ದುಡ್ಡು ಸಂಬಳವಾಗಿ ಕೆಳಗೆ ಇಳಿದು ಬರುತ್ತದೆ ಎಂಬ ಮಾತೂ ಕೇಳಿರುತ್ತೀರಿ. ಅಮೆರಿಕದಲ್ಲಿ 2017ರ ಕೊನೆಗೆ ಕಂಪನಿ ತೆರಿಗೆಯನ್ನು ಶೇ 35ರಿಂದ ಶೇ 21ಕ್ಕೆ ಇಳಿಸಿದರು. ಪ್ರತಿ ಕುಟುಂಬದ ಆದಾಯ ಸರಾಸರಿ 4,000 ಡಾಲರ್ ಆದರೂ ಏರುತ್ತದೆ ಎಂದು ಅಧ್ಯಕ್ಷರ ಆರ್ಥಿಕ ಸಲಹೆಗಾರರೇ ಲೆಕ್ಕ ಕೊಟ್ಟಿದ್ದರು. ಆಮೇಲೆ ಅಲ್ಲಿನ ಸಂಸತ್ತಿನ ತೆರಿಗೆ ಸಮಿತಿ ಮತ್ತು ಕೇಂದ್ರ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಸೇರಿ ನಿಜವಾದ ತೆರಿಗೆ ದಾಖಲೆಗಳನ್ನು ಜಾಲಾಡಿದರು. ಸಂಬಳ ಏರಿದ್ದು ಆಯಾ ಕಂಪನಿಯಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಶೇ 10 ಮಂದಿಗೆ, ಅದರಲ್ಲೂ ಮೇಲಿನ ಅಧಿಕಾರಿಗಳಿಗೆ. ಉಳಿದ ಶೇ 90 ಮಂದಿಯ ಸಂಬಳದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇದು ಯೂನಿಯನ್‌ನವರ ಲೆಕ್ಕವಲ್ಲ, ನೆನಪಿರಲಿ.

ಇನ್ನು ಸೇವೆಗಳ ಕಡೆ ಏನಾಗುತ್ತದೆ? ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾಕೆಂದರೆ ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ತೆರಿಗೆ ಇಳಿದ ಮರುದಿನ ಯಾವ ಆಸ್ಪತ್ರೆಯ ಬಾಗಿಲಿಗೂ ಬೀಗ ಬೀಳುವುದಿಲ್ಲ. ಯಾವ ಮಂತ್ರಿಯೂ ನರ್ಸ್‌ಗಳನ್ನು ಕೆಲಸದಿಂದ ತೆಗೆಯುತ್ತೇನೆ ಅನ್ನುವುದಿಲ್ಲ. 'ಸದ್ಯಕ್ಕೆ ಹೊಸ ನೇಮಕಾತಿ ಬೇಡ' ಎಂಬ ಒಂದು ಸಾಲಿನ ಸುತ್ತೋಲೆ ಬರುತ್ತದೆ. ಅಷ್ಟೇ. ನಿವೃತ್ತರಾದವರ ಜಾಗ ಹಾಗೇ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯ ನರ್ಸ್‌ಗಳ ಸಂಘದವರು ಸಿಬ್ಬಂದಿ ಲೆಕ್ಕ ಮಾಡಿಕೊಡಿ ಎಂದು ನನ್ನನ್ನು ಕರೆದರು. ಕಾಗದದ ಲೆಕ್ಕ ಸಾಕಾಗಲ್ಲ, ರಾತ್ರಿ ಪಾಳಿಯಲ್ಲಿ ಬಂದು ನೋಡಿ ಅಂದರು. ಹೋದೆ. ಗೋಡೆಯ ಮೇಲೆ ಡ್ಯೂಟಿ ಚಾರ್ಟ್ ಅಂಟಿಸಿದ್ದರು. ಹೆಸರುಗಳು ಪೆನ್ನಿನಲ್ಲಿ. ಕೆಲವು ಚೌಕಗಳಲ್ಲಿ ಮಾತ್ರ ಪೆನ್ಸಿಲ್‌ನಲ್ಲಿ 'ಖಾಲಿ' ಎಂದು ಬರೆದಿತ್ತು. ಪೆನ್ಸಿಲ್ ಯಾಕೆ ಎಂದು ಕೇಳಿದೆ. ಯಾರಾದರೂ ಬಂದರೆ ಅಳಿಸಿ ಹೆಸರು ಬರೆಯಬೇಕಲ್ಲ ಸರ್, ಅದಕ್ಕೆ ಅಂದರು ವಾರ್ಡಿನ ಹಿರಿಯ ನರ್ಸ್. ಆ ಪೆನ್ಸಿಲ್ ಅಕ್ಷರ ಮೂರು ವರ್ಷದಿಂದ ತಿಂಗಳು ತಿಂಗಳೂ ಹಾಗೇ ನಕಲಾಗುತ್ತಾ ಬಂದಿತ್ತು. ಆ ರಾತ್ರಿ ಇಡೀ ವಾರ್ಡಿಗೆ ಇಬ್ಬರೇ. ಮೂವತ್ತೊಂದು ರೋಗಿಗಳು. ಎರಡು ಗಂಟೆಯ ಹೊತ್ತಿಗೆ ಒಬ್ಬರು ರಕ್ತ ತರಲು ಕೆಳಗೆ ಹೋದರು. ಉಳಿದ ಒಬ್ಬರು ಒಬ್ಬ ಅಜ್ಜನಿಗೆ ಆಮ್ಲಜನಕದ ಮಾಸ್ಕ್ ಸರಿ ಮಾಡುತ್ತಿದ್ದರು. ಆಚೆ ತುದಿಯ ಹಾಸಿಗೆಯ ಹೆಂಗಸು ನೀರು ಕೇಳಿದಳು. ಮತ್ತೆ ಕೇಳಿದಳು. ಮೂರನೇ ಸಲ ಕೇಳಲಿಲ್ಲ, ಸುಮ್ಮನಾದಳು. ನೀರು ತಂದುಕೊಟ್ಟದ್ದು ಪಕ್ಕದ ಹಾಸಿಗೆಯ ರೋಗಿಯ ಮಗ.

ಬಜೆಟ್ ಪುಸ್ತಕದಲ್ಲಿ ಆ ಖಾಲಿ ಹುದ್ದೆಗಳು 'ಮಂಜೂರಾದ ಹುದ್ದೆ' ಎಂದೇ ಇದ್ದವು. ಕಾಗದದ ಮೇಲೆ ಆಸ್ಪತ್ರೆಗೆ ಏನೂ ಆಗಿರಲಿಲ್ಲ.

ಇದು ಬರೀ ಕನಿಕರದ ಮಾತಲ್ಲ. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಬಂದ 2 ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ಅದು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಾದಂತೆಲ್ಲ, ರೋಗಿ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚು ಕಂಡುಬಂತು. ಕ್ಯಾಲಿಫೋರ್ನಿಯಾದಲ್ಲಿ ನರ್ಸ್‌ಗಳ ಯೂನಿಯನ್ ವರ್ಷಗಟ್ಟಲೆ ಹಟ ಹಿಡಿದು 1999ರಲ್ಲಿ ಒಂದು ಕಾನೂನು ಮಾಡಿಸಿತು. ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಎಂದು ಮಿತಿ ಹಾಕುವ ಕಾನೂನು. 2004ರಿಂದ ಜಾರಿಗೆ ಬಂತು. ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಇಬ್ಬರೇ. ಹೀಗೆ ಕೇಳಿದಾಗ ಆ ನರ್ಸ್‌ಗಳು ತಮ್ಮ ಕೆಲಸದ ಹೊರೆ ಇಳಿಸಿಕೊಳ್ಳುತ್ತಿದ್ದರಾ, ರೋಗಿಯ ಜೀವ ಉಳಿಸುತ್ತಿದ್ದರಾ? ಎರಡೂ ಹೌದು. ನಿಮ್ಮ ಪ್ರಶ್ನೆಯಲ್ಲಿ 'ಅವರ ಸಂಬಳ' ಮತ್ತು 'ಸಾರ್ವಜನಿಕ ಸೇವೆ' ಎಂದು ಎರಡು ಬೇರೆ ಬೇರೆ ವಸ್ತುಗಳನ್ನು ಇಟ್ಟಿದ್ದೀರಿ. ನರ್ಸಿಂಗ್‌ನಲ್ಲಿ, ಪಾಠದಲ್ಲಿ, ಬೆಂಕಿ ಆರಿಸುವುದರಲ್ಲಿ ಇವನ್ನು ಬಿಡಿಸುವುದು ಕಷ್ಟ. ಅಲ್ಲಿ ಸೇವೆ ಅಂದರೆ ಮನುಷ್ಯರೇ.

ಇದೇ ಕಾರಣಕ್ಕೆ ಸಾರ್ವಜನಿಕ ಸೇವೆಗಳ ಖರ್ಚು ವರ್ಷ ವರ್ಷ ಏರುತ್ತದೆ. ವಿಲಿಯಂ ಬೌಮಲ್ ಎಂಬ ಅರ್ಥಶಾಸ್ತ್ರಜ್ಞ 1960ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಒಬ್ಬ ಹತ್ತು ಪಟ್ಟು ಮಾಲು ಮಾಡಬಹುದು. ಗಾಯಕ್ಕೆ ಬ್ಯಾಂಡೇಜ್ ಕಟ್ಟಲು ಐವತ್ತು ವರ್ಷದ ಹಿಂದೆ ಎಷ್ಟು ಹೊತ್ತು ಬೇಕಿತ್ತೋ ಇವತ್ತೂ ಸುಮಾರು ಅಷ್ಟೇ. ಆದರೆ ಬ್ಯಾಂಡೇಜ್ ಕಟ್ಟುವವರಿಗೂ ಕಾಲಕ್ಕೆ ತಕ್ಕ ಸಂಬಳ ಕೊಡಲೇಬೇಕು. ಆದ್ದರಿಂದ ತೆರಿಗೆ ನಿಂತಲ್ಲೇ ನಿಂತರೂ ಸೇವೆ ಹಿಂದೆ ಬೀಳುತ್ತದೆ. ಇಳಿದರಂತೂ ಕೇಳುವುದೇ ಬೇಡ.

'ತೆರಿಗೆ ಇಳಿಸಿದರೆ ವ್ಯಾಪಾರ ಚಿಗುರುತ್ತದೆ, ಆಗ ಖಜಾನೆ ತಾನಾಗಿ ತುಂಬುತ್ತದೆ' ಎಂಬ ಮಾತಿಗೆ ಯೂನಿಯನ್‌ನವರು ಯಾವಾಗಲೂ ಕಾನ್ಸಾಸ್ ಕಡೆ ಬೆರಳು ತೋರಿಸುತ್ತಾರೆ. ಅಮೆರಿಕದ ಈ ರಾಜ್ಯದಲ್ಲಿ 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆಯ ಮೇಲಿನ ದರವನ್ನು ಶೇ 6.45ರಿಂದ ಶೇ 4.9ಕ್ಕೆ ಇಳಿಸಿದರು. ಹಲವು ಬಗೆಯ ವ್ಯವಹಾರಗಳ ಆದಾಯಕ್ಕೆ ರಾಜ್ಯದ ತೆರಿಗೆಯನ್ನೇ ತೆಗೆದುಹಾಕಿದರು. ಆರ್ಥಿಕತೆಯ ಹೃದಯಕ್ಕೆ ಇಂಜೆಕ್ಷನ್ ಕೊಟ್ಟ ಹಾಗೆ ಆಗುತ್ತದೆ ಎಂದರು. ಖಜಾನೆ ಸೊರಗಿತು. ಸಾಲದ ರೇಟಿಂಗ್ ಇಳಿಯಿತು. 2015ರಲ್ಲಿ ಕೆಲವು ಕಡೆ ದುಡ್ಡಿಲ್ಲದೆ ಶಾಲೆಗಳನ್ನು ಅವಧಿಗೆ ಮೊದಲೇ ಮುಚ್ಚಿ ಮಕ್ಕಳನ್ನು ಬೇಸಿಗೆ ರಜೆಗೆ ಕಳಿಸಿದರು. ಕೊನೆಗೆ 2017ರ ಜೂನ್‌ನಲ್ಲಿ ಗವರ್ನರ್‌ರ ಸ್ವಂತ ಪಕ್ಷದವರೇ ಬಹುಮತದಲ್ಲಿದ್ದ ಶಾಸನಸಭೆ ಅವರು ಒಪ್ಪಿಗೆ ನಿರಾಕರಿಸಿದ್ದನ್ನೂ (ವಿಟೋ) ಮೀರಿ ಆ ಕಡಿತದ ಬಹುಭಾಗವನ್ನು ರದ್ದು ಮಾಡಿತು.

ಬ್ರಿಟನ್‌ನಲ್ಲಿ ಇಷ್ಟು ವರ್ಷವೂ ಬೇಕಾಗಲಿಲ್ಲ. 2022ರ ಸೆಪ್ಟೆಂಬರ್ 23ರಂದು ಸುಮಾರು 45 ಬಿಲಿಯನ್ ಪೌಂಡ್‌ಗಳ ತೆರಿಗೆ ಕಡಿತ ಘೋಷಿಸಿದರು. ದುಡ್ಡು ಎಲ್ಲಿಂದ ಬರುತ್ತದೆ ಎಂದು ಹೇಳಲಿಲ್ಲ. ವರ್ಷಕ್ಕೆ 1,50,000 ಪೌಂಡ್‌ಗಿಂತ ಹೆಚ್ಚು ಗಳಿಸುವವರ ಶೇ 45ರ ದರವನ್ನು ತೆಗೆಯುವುದೂ ಅದರಲ್ಲಿತ್ತು. ಮೂರೇ ದಿನದಲ್ಲಿ ಪೌಂಡ್ ಡಾಲರ್ ಎದುರು ಹಿಂದೆಂದೂ ಇಲ್ಲದಷ್ಟು ಕುಸಿಯಿತು. ಮನೆ ಸಾಲದ ಬಡ್ಡಿ ಜಿಗಿಯಿತು. ಹಣಕಾಸು ಮಂತ್ರಿ ಅಕ್ಟೋಬರ್ 14ರಂದು ಹುದ್ದೆ ಕಳೆದುಕೊಂಡರು. ಪ್ರಧಾನಿ ಲಿಜ್ ಟ್ರಸ್ ಅಕ್ಟೋಬರ್ 20ರಂದು ರಾಜೀನಾಮೆ ಘೋಷಿಸಿದರು. ತೆರಿಗೆ ಕಡಿತದಿಂದ ಒಂದು ಕಾಸೂ ಸಿಗದ ಕುಟುಂಬಗಳು ಬಡ್ಡಿ ಮಾತ್ರ ಜಾಸ್ತಿ ಕಟ್ಟಿದವು.

ಎಲ್ಲ ತೆರಿಗೆ ಕಡಿತವೂ ಹೀಗೇ ಮುಗಿಯುತ್ತದೆ ಅನ್ನುತ್ತಿಲ್ಲ. ಬಡವರ ಮೇಲಿನ ತೆರಿಗೆ ಇಳಿಸಿದರೆ ಆ ದುಡ್ಡು ಮರುದಿನವೇ ಅಂಗಡಿಗೆ ಬರುತ್ತದೆ. ಅಗತ್ಯ ವಸ್ತುಗಳ ಮೇಲಿನ ತೆರಿಗೆ ಇಳಿಸಿ ಎಂದು ಯೂನಿಯನ್‌ಗಳೇ ಕೇಳುತ್ತವೆ. ದುಡಿಯುವವರ ಆದಾಯ ತೆರಿಗೆಯ ಮಿತಿ ಏರಿಸಿ ಎಂದೂ ಕೇಳುತ್ತವೆ. ಅವು ವಿರೋಧಿಸುವುದು ಮೇಲಿನವರ ತೆರಿಗೆ ಇಳಿಸಿ, ಕೆಳಗಿನವರ ಸೇವೆ ಕತ್ತರಿಸುವುದನ್ನು.

ಈಗ ಐರ್ಲೆಂಡಿನ ಉಳಿದ ಅರ್ಧ. 1987ರ ಒಪ್ಪಂದದ ನಂತರ ಅಂಥವೇ ಹಲವು ಒಪ್ಪಂದಗಳು ಬಂದವು. ಆದಾಯ ತೆರಿಗೆ ಇಳಿಯುತ್ತಾ ಹೋಯಿತು. ದೇಶ ಶ್ರೀಮಂತವಾಯಿತು. ಎಲ್ಲರೂ ಖುಷಿಯಾಗಿದ್ದರು. ಆದರೆ ಖಜಾನೆ ಮನೆ, ಜಮೀನು ಮಾರಾಟದಿಂದ ಬರುವ ತೆರಿಗೆಗೆ ಒಗ್ಗಿಹೋಯಿತು. 2008ರಲ್ಲಿ ಆ ಮಾರುಕಟ್ಟೆ ಕುಸಿದಾಗ ತೆರಿಗೆಯೂ ಕುಸಿಯಿತು. 2009ರಲ್ಲಿ ಸಾರ್ವಜನಿಕ ನೌಕರರ ಸಂಬಳದಿಂದ ಪಿಂಚಣಿ ಲೆವಿ ಎಂದು ಸರಾಸರಿ ಶೇ 7.5ರಷ್ಟು ಮುರಿದರು. 2010ರ ಆರಂಭದಲ್ಲಿ ಮೂಲ ಸಂಬಳವನ್ನೇ ಬಹುತೇಕರಿಗೆ ಶೇ 5ರಿಂದ 15ರವರೆಗೆ ಕಡಿತ ಮಾಡಿದರು. 2011ರಿಂದ ಹೊಸದಾಗಿ ಸೇರುವವರಿಗೆ ಶೇ 10 ಕಡಿಮೆ ಸಂಬಳ. ಒಂದೇ ಶಾಲೆಯಲ್ಲಿ, ಪಕ್ಕಪಕ್ಕದ ತರಗತಿಯಲ್ಲಿ, ಒಂದೇ ಕೆಲಸಕ್ಕೆ ಎರಡು ಸಂಬಳ. ಯೂನಿಯನ್‌ಗಳು ವರ್ಷಗಟ್ಟಲೆ ಇದನ್ನು ಸರಿಪಡಿಸಲು ಒದ್ದಾಡಿದವು. ಇಪ್ಪತ್ತು ವರ್ಷ ತೆರಿಗೆ ಕಡಿತವನ್ನು ಸಂಬಳದ ಬದಲಿಗೆ ತೆಗೆದುಕೊಂಡವರೇ ಕೊನೆಗೆ ಸಂಬಳವನ್ನೂ ಬಿಟ್ಟುಕೊಡಬೇಕಾಯಿತು. ಕುಸಿತಕ್ಕೆ ಬ್ಯಾಂಕುಗಳ ಹುಚ್ಚು ಸಾಲವೇ ದೊಡ್ಡ ಕಾರಣ, ನಿಜ. ಆದರೆ ತೆರಿಗೆಯ ಬುಡ ಗಟ್ಟಿಯಾಗಿದ್ದಿದ್ದರೆ ಪೆಟ್ಟು ಇಷ್ಟು ಬೀಳುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಈಗ ಯೂನಿಯನ್ ಸಭೆಗಳಲ್ಲಿ ತೆರಿಗೆ ಕಡಿತ ಎಂದೊಡನೆ ಹಿರಿಯರು ಹಣೆ ಗಂಟಿಕ್ಕುತ್ತಾರಲ್ಲ, ಅದರ ಹಿಂದೆ ಇಂಥ ನೆನಪುಗಳಿವೆ.

ಯೂನಿಯನ್‌ಗಳು ತಪ್ಪುವ ಜಾಗವನ್ನೂ ಹೇಳಲೇಬೇಕು. ಖಜಾನೆಯಲ್ಲಿ ದುಡ್ಡು ಕಡಿಮೆಯಾದಾಗ ಸರ್ಕಾರ ಎಷ್ಟೋ ಸಲ ಕಾಯಂ ನೌಕರರನ್ನು ಮುಟ್ಟುವುದಿಲ್ಲ, ಹೊಸಬರನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತದೆ. ಎಷ್ಟೋ ಸಂಘಗಳು ಕಾಯಂ ಸದಸ್ಯರ ಭತ್ಯೆ ಉಳಿದರೆ ಸಾಕು ಎಂದು ಸುಮ್ಮನಾಗಿವೆ. ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುವ ಗುತ್ತಿಗೆ ಹೆಂಗಸಿಗೆ ಅರ್ಧ ಸಂಬಳ, ರಜೆ ಇಲ್ಲ, ಸಂಘದ ಸದಸ್ಯತ್ವವೂ ಇಲ್ಲ. ನಾನು ಲೆಕ್ಕ ಮಾಡಲು ಹೋದ ಆಸ್ಪತ್ರೆಯಲ್ಲೂ ಸಂಘದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಇವರನ್ನೂ ಸೇರಿಸಿ ಅಂದಾಗ ಸಭೆಯಲ್ಲಿ ಜಗಳವೇ ಆಯಿತು. ಕೆಲಸಕ್ಕೆ ಬಾರದ ಸದಸ್ಯನನ್ನು, ಲಂಚ ಕೇಳುವ ಸದಸ್ಯನನ್ನು ನಮ್ಮವನು ಎಂದು ಕಾಪಾಡುವ ಸಂಘಗಳೂ ಇವೆ. ಕೌಂಟರಿನಲ್ಲಿ ಒಮ್ಮೆ ಅವಮಾನಪಟ್ಟು ಬಂದವರಿಗೆ ಸೇವೆ ಉಳಿಸಿ ಎಂಬ ಭಿತ್ತಿಪತ್ರ ಓದಿದರೆ ಸಿಟ್ಟೇ ಬರುತ್ತದೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಸೇವೆಯ ಗುಣಮಟ್ಟಕ್ಕಾಗಿ ಹೋರಾಡದ ಯೂನಿಯನ್, ಸೇವೆಯ ದುಡ್ಡಿಗಾಗಿ ಹೋರಾಡುವಾಗ ಒಂಟಿಯಾಗುತ್ತದೆ.

ಆದರೆ ಸೇವೆ ಸರಿಯಿಲ್ಲ ಎಂದು ಖಾಸಗಿಗೆ ಕೊಟ್ಟುಬಿಡಿ ಎಂಬ ದಾರಿ ಸಲೀಸಾಗಿ ಕಂಡರೂ ಸಲೀಸಲ್ಲ. ಬ್ರಿಟನ್‌ನಲ್ಲಿ ಕ್ಯಾರಿಲಿಯನ್ ಎಂಬ ಒಂದೇ ಕಂಪನಿ ಆಸ್ಪತ್ರೆ ಕಟ್ಟುವುದು, ಶಾಲೆಗೆ ಊಟ ಕೊಡುವುದು, ಜೈಲುಗಳ ದುರಸ್ತಿ ಎಲ್ಲವನ್ನೂ ಗುತ್ತಿಗೆ ಹಿಡಿದಿತ್ತು. 2018ರ ಜನವರಿಯಲ್ಲಿ ದಿವಾಳಿ ಎದ್ದಿತು. ಲಿವರ್‌ಪೂಲ್‌ನಲ್ಲಿ ಅದು ಕಟ್ಟುತ್ತಿದ್ದ, ಕೆಲಸ ಮುಗಿಯದೆ ನಿಂತ ಹೊಸ ಆಸ್ಪತ್ರೆ ರೋಗಿಗಳಿಗೆ ತೆರೆದದ್ದು 2022ರಲ್ಲಿ. ಇನ್ನೊಂದು ಕಡೆ, ಪ್ಯಾರಿಸ್ ನಗರ 2010ರಲ್ಲಿ ಖಾಸಗಿಯವರಿಂದ ನೀರು ಸರಬರಾಜನ್ನು ವಾಪಸು ತೆಗೆದುಕೊಂಡಿತು. ಮರುವರ್ಷವೇ ತನ್ನ ಪಾಲಿನ ನೀರಿನ ದರವನ್ನು ಶೇ 8ರಷ್ಟು ಇಳಿಸಿತು.

ನಿಮ್ಮ ವಿಷಯಕ್ಕೆ ಬಂದರೆ, ಮುಂದಿನ ಸಲ ತೆರಿಗೆ ಕಡಿತ ಘೋಷಣೆಯಾದಾಗ ಎರಡು ಕೆಲಸ ಮಾಡಿ. ನಿಮ್ಮ ಸಂಬಳದ ಚೀಟಿ ತೆಗೆದು ವರ್ಷಕ್ಕೆ ಎಷ್ಟು ಉಳಿಯುತ್ತದೆ ಎಂದು ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮ ಮನೆಯವರು ಕಳೆದ ವರ್ಷ ಬಳಸಿದ ಸಾರ್ವಜನಿಕ ಸೇವೆಗಳನ್ನು ಬರೆಯಿರಿ. ಶಾಲೆ, ಲಸಿಕೆ, ಬಸ್ಸು, ನೀರು, ಅಮ್ಮನ ಮಾತ್ರೆ. ಅವನ್ನು ಹೊರಗೆ ಕೊಂಡರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಎರಡನೆಯದು, ಬಜೆಟ್‌ನಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಎಂದು ಹುಡುಕಿ. ಸಿಗದಿದ್ದರೆ ಆ ಇಲಾಖೆಯ ಯೂನಿಯನ್ ಕಚೇರಿಗೆ ನೇರವಾಗಿ ಹೋಗಿ ಕೇಳಿ. ಗುತ್ತಿಗೆಯವರ ಲೆಕ್ಕವನ್ನೂ ಸೇರಿಸಿ ಕೊಡಿ ಅನ್ನಿ. ಕೊಡಲು ತಡವರಿಸಿದರೆ, ಮತ್ತೆ ಹೋಗಿ ಕೇಳಿ.